ಮುದಿ ಇಲಿಯ ಮಿದುಳಲ್ಲಿ ಸಿಡಿ8 ಟಿ ಕೋಶ ಹೆಚ್ಚಿವೆ: ವಯಸ್ಸಿನ ಪರಿಣಾಮವೋ, ಸ್ಯಾಂಪಲ್ ತಯಾರಿಯ ಪರಿಣಾಮವೋ?

ಹಿಪೊಕ್ಯಾಂಪಸ್_ಓದುಗ

ರೋಗನಿರೋಧಕ ವ್ಯವಸ್ಥೆಯ ಮುಪ್ಪು ಮತ್ತು ನರಕ್ಷಯ ರೋಗಗಳ ನಂಟಿನ ಬಗ್ಗೆ ಕೆಲಸ ನಡೆದಿದೆ. ಸಿ57ಬಿಎಲ್/6 ಹೆಣ್ಣಿಲಿಗಳು, ಒಂದು ಗುಂಪು 4 ತಿಂಗಳದ್ದು, ಇನ್ನೊಂದು 22 ತಿಂಗಳದ್ದು. ಈಗಿನ ವಿಧಾನ ಹೀಗಿದೆ: ಹೃದಯದ ಮೂಲಕ 20 ಎಂಎಲ್ ತಣ್ಣನೆಯ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಹಾಯಿಸುವುದು, ಮಿದುಳನ್ನು ಚೂರು ಮಾಡಿ ಕೊಲ್ಯಾಜಿನೇಸ್ ಡಿ ಮತ್ತು ಡಿಎನ್‌ಏಸ್‌ನಲ್ಲಿ 37 ಡಿಗ್ರಿಯಲ್ಲಿ 45 ನಿಮಿಷ ಇಡುವುದು, 30 ಶೇಕಡಾ ಪರ್ಕಾಲ್‌ನಲ್ಲಿ ಮಯೆಲಿನ್ ತೆಗೆಯುವುದು, ನಂತರ ಫ್ಲೋ ಸೈಟೋಮೆಟ್ರಿ (ಬಣ್ಣ ಅಂಟಿಸಿದ ಕೋಶಗಳನ್ನು ಲೇಸರಿನಲ್ಲಿ ಒಂದೊಂದಾಗಿ ಅಳೆಯುವುದು). ಪ್ಯಾನೆಲ್ (ಕೋಶದ ಗುರುತು, ಅದರ ಮುಂದೆ ಹಾಕಿದ ಬಣ್ಣ): ಸಿಡಿ45-ಬಿವಿ510, ಸಿಡಿ11ಬಿ-ಫಿಟ್ಸಿ, ಸಿಡಿ3-ಪಿಇ, ಸಿಡಿ8-ಎಪಿಸಿ, ಸತ್ತ ಕೋಶಗಳಿಗೆ 7-ಎಎಡಿ. ಇನ್ನೊಂದು ಟ್ಯೂಬಿನಲ್ಲಿ ಹಸಿರು ಆರ್‌ಓಎಸ್ (ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಅಣುಗಳು) ಪ್ರೋಬ್.

ಮುದಿ ಇಲಿಗಳಲ್ಲಿ ಸಿಡಿ8 ಕೋಶ ಸುಮಾರು ಐದು ಪಟ್ಟು ಹೆಚ್ಚು ಕಾಣುತ್ತಿವೆ. ಸಿಡಿ11ಬಿ ಇರುವ ಕೋಶಗಳಲ್ಲಿ ಸಿಡಿ45 ಜಾಸ್ತಿ ಇರುವ ಹೊಸ ಗುಂಪೊಂದು ಬಂದಿದೆ. ಮೈಕ್ರೋಗ್ಲಿಯಾದಲ್ಲಿ (ಮಿದುಳಿನದೇ ರೋಗನಿರೋಧಕ ಕೋಶ) ಆರ್‌ಓಎಸ್ ಮೂರು ಪಟ್ಟು. ಸಿಂಗಲ್ ಸೆಲ್ ಆರ್‌ಎನ್‌ಎ ದತ್ತಾಂಶದಲ್ಲಿ ಫಾಸ್, ಜುನ್, ಸಿಸಿಎಲ್3, ಸಿಸಿಎಲ್4 ಜೀನ್‌ಗಳು ಮುದಿ ಗುಂಪಿನಲ್ಲೇ ಎದ್ದು ಕಾಣುತ್ತವೆ.

ಇದನ್ನೆಲ್ಲ ವಯಸ್ಸಿನ ಪರಿಣಾಮ ಎಂದು ಬರೆಯಬಹುದೇ? ಮುಂದೆ 6 ತಿಂಗಳ 5ಎಕ್ಸ್‌ಎಫ್‌ಎಡಿ ಇಲಿಗಳ (ಮಿದುಳಲ್ಲಿ ಅಮೈಲಾಯ್ಡ್ ಪ್ಲಾಕ್ ಕಟ್ಟುವಂತೆ ಜೀನ್ ಬದಲಿಸಿದವು) ಜೊತೆ ಹೋಲಿಸಿ ಆಲ್ಝೈಮರ್ ಕಡೆಗೆ ಕೊಂಡೊಯ್ಯುವ ಯೋಜನೆ ಇದೆ. ಮನುಷ್ಯರ ರಕ್ತದ ಸ್ಯಾಂಪಲ್‌ಗಳೂ ಸಿಗುವ ಸಾಧ್ಯತೆ ಇದೆ. ಎಲ್ಲಿ ಎಡವಬಹುದು ಹೇಳಿ.

---

ಗೇಟಿಂಗ್_ಗೌಡ

ನೀವು ಹೇಳಿದ ನಾಲ್ಕು ಫಲಿತಾಂಶಗಳಲ್ಲಿ ಒಂದನ್ನೂ ಈಗಲೇ ಬರೆಯಲು ಆಗುವುದಿಲ್ಲ. ಫಲಿತಾಂಶ ಸುಳ್ಳು ಎಂದಲ್ಲ. ಪ್ರತಿಯೊಂದಕ್ಕೂ ವಯಸ್ಸಿನ ಜೊತೆಗೇ ಹೆಚ್ಚಾಗುವ ಬೇರೊಂದು ಕಾರಣ ಇದೆ, ಅದನ್ನು ತೆಗೆದುಹಾಕಿಲ್ಲ.

ಮೊದಲು ಟಿ ಕೋಶ. ಪಿಬಿಎಸ್ ಹಾಯಿಸಿದರೆ ನಾಳದೊಳಗೆ ಹರಿಯುವ ರಕ್ತ ಹೋಗುತ್ತದೆ, ಗೋಡೆಗೆ ಅಂಟಿಕೊಂಡ ಕೋಶ ಹೋಗುವುದಿಲ್ಲ. ಮುದಿ ಇಲಿಯ ಮಿದುಳಿನ ನಾಳಗಳ ಒಳಪದರದಲ್ಲಿ ವಿಸಿಎಎಮ್1 ಹೆಚ್ಚುತ್ತದೆ, ಅದು ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸುವ ಅಣು. ಅಂದರೆ ಎಷ್ಟೇ ಚೆನ್ನಾಗಿ ತೊಳೆದರೂ ಮುದಿ ಗುಂಪಿನಲ್ಲಿ ಉಳಿಕೆ ಜಾಸ್ತಿ. ನಿಮ್ಮ ಐದು ಪಟ್ಟಿನಲ್ಲಿ ಎಷ್ಟು ಪಾಲು ಇದು ಎಂದು ತಿಳಿಯಲು ನಾಳದೊಳಗಿನ ಲೇಬಲಿಂಗೇ ನೇರ ದಾರಿ.

ವಿಧಾನ ಸರಳ. ಸಿಡಿ45 ಆ್ಯಂಟಿಬಾಡಿ 3 ಮೈಕ್ರೋಗ್ರಾಂ, 200 ಮೈಕ್ರೋಲೀಟರ್ ಪಿಬಿಎಸ್‌ನಲ್ಲಿ, ಬಾಲದ ಅಭಿಧಮನಿಗೆ. ಸರಿಯಾಗಿ 3 ನಿಮಿಷ ಬಿಟ್ಟು ಮುಗಿಸಿ, ತಕ್ಷಣ ಪಿಬಿಎಸ್ ಹಾಯಿಸಿ. ಹೊತ್ತು ಹೆಚ್ಚಾದರೆ ಆ್ಯಂಟಿಬಾಡಿ ಅಂಗಾಂಶಕ್ಕೆ ಸೋರುತ್ತದೆ. ನಾಳದೊಳಗೆ 30-ಎಫ್11 ಕ್ಲೋನ್ (ಸಿಡಿ45 ಆ್ಯಂಟಿಬಾಡಿಯ ಒಂದು ತಳಿ) ಕೊಟ್ಟರೆ ಟ್ಯೂಬಿನಲ್ಲಿ ಮತ್ತೆ ಅದೇ ಕ್ಲೋನ್ ಹಾಕಬೇಡಿ. ರಕ್ತದ ಕೋಶಗಳಲ್ಲಿ ಆ ಜಾಗ ಆಗಲೇ ಭರ್ತಿಯಾಗಿರುವುದರಿಂದ ಅವು ಸಿಡಿ45 ಕಡಿಮೆ ಇರುವಂತೆ ತೋರಿ ಮೈಕ್ರೋಗ್ಲಿಯಾ ಗೇಟಿನೊಳಗೆ (ಕೋಶ ಆರಿಸಲು ಗ್ರಾಫಿನಲ್ಲಿ ಎಳೆದ ಗಡಿಯೊಳಗೆ) ನುಸುಳುತ್ತವೆ. ಬಿ6 ಇಲಿಗೆ ಸಿಡಿ45.2, ಕ್ಲೋನ್ 104, ಬೇರೆ ಬಣ್ಣದಲ್ಲಿ ಹಾಕಿ.

ಪ್ರತಿ ಇಲಿಯಿಂದ ಪಿಬಿಎಸ್ ಹಾಯಿಸುವ ಮೊದಲು ಒಂದು ಹನಿ ರಕ್ತ ತೆಗೆದಿಡಿ. ಅದರಲ್ಲಿ 95 ಶೇಕಡಾಕ್ಕಿಂತ ಕಡಿಮೆ ಲೇಬಲ್ ಆಗಿದ್ದರೆ ಚುಚ್ಚುಮದ್ದು ನಾಳದಿಂದ ಹೊರಗೆ ಹೋಗಿದೆ ಎಂದರ್ಥ, ಆ ಇಲಿಯನ್ನು ಲೆಕ್ಕದಿಂದ ಬಿಡಿ. ಮುದಿ ಇಲಿಯ ಬಾಲದ ಚರ್ಮ ದಪ್ಪ, ನಾಳ ಕಾಣುವುದೇ ಕಷ್ಟ, ಆದ್ದರಿಂದ ಈ ತಪಾಸಣೆ ಆ ಗುಂಪಿಗೇ ಹೆಚ್ಚು ಬೇಕು. ಲೇಬಲ್ ಕೊಡದ ಒಂದು ಇಲಿಯೂ ಪ್ರತಿ ವಯಸ್ಸಿಗೆ ಇರಲಿ.

ಒಂದು ಎಚ್ಚರಿಕೆ: ಕೋರಾಯ್ಡ್ ಪ್ಲೆಕ್ಸಸ್ (ಕುಹರಗಳಲ್ಲಿ ಮಿದುಳಿನ ದ್ರವ ತಯಾರಿಸುವ ಅಂಗಾಂಶ) ಮತ್ತು ಡ್ಯೂರಾದ (ಮಿದುಳಿನ ಹೊರಪೊರೆ) ನಾಳಗಳಿಗೆ ಮಿದುಳಿನ ನಾಳಗಳಷ್ಟು ಬಿಗಿ ಇಲ್ಲ. ಅಲ್ಲಿ ನಾಳದ ಹೊರಗಿನ ಕೋಶವೂ ಲೇಬಲ್ ಹಿಡಿಯುತ್ತದೆ. ಮಿದುಳನ್ನು ಚೂರು ಮಾಡುವ ಮೊದಲೇ ಪ್ಲೆಕ್ಸಸ್ ಬಿಡಿಸಿ ಬೇರೆ ಇಡಿ. ಮುದಿ ಇಲಿಯಲ್ಲಿ ಅಲ್ಲೂ ಪೊರೆಗಳಲ್ಲೂ ಟಿ ಕೋಶ ಸಾಕಷ್ಟು ಇರುತ್ತವೆ. ಪಾರ್ಶ್ವ ಕುಹರದ ಒಂದು ಚೂರು ಉಳಿದರೂ ಸಂಖ್ಯೆ ಜಿಗಿಯುತ್ತದೆ.

ಇನ್ನು ಬಣ್ಣಗಳು. ಮುದಿ ಮೈಕ್ರೋಗ್ಲಿಯಾ ತುಂಬ ಲೈಪೋಫಸಿನ್ (ವಯಸ್ಸಾದಂತೆ ಕೋಶದಲ್ಲಿ ಕೂಡುವ ಕಸದ ವರ್ಣದ್ರವ್ಯ) ಇರುತ್ತದೆ. 405 ಮತ್ತು 488 ಲೇಸರ್ ಎರಡಕ್ಕೂ ಅದು ಹೊಳೆಯುತ್ತದೆ, ಹೊರಸೂಸುವ ಬೆಳಕು ನೀಲಿಯಿಂದ ಕಿತ್ತಳೆವರೆಗೆ ಹರಡಿರುತ್ತದೆ. ನೀವು ಸಿಡಿ45 ಅನ್ನು ಬಿವಿ510ನಲ್ಲಿ, ಸಿಡಿ11ಬಿಯನ್ನು ಫಿಟ್ಸಿಯಲ್ಲಿ, ಆರ್‌ಓಎಸ್ ಅನ್ನು ಹಸಿರಲ್ಲಿ ಇಟ್ಟಿದ್ದೀರಿ. ಮೂರೂ ಲೈಪೋಫಸಿನ್ ಮನೆಯ ಅಂಗಳದಲ್ಲೇ ಇವೆ! ಸಿಡಿ45 ಜಾಸ್ತಿಯಾದ ಹೊಸ ಗುಂಪು, ಮೂರು ಪಟ್ಟು ಆರ್‌ಓಎಸ್, ಎರಡೂ ಬರೀ ಸ್ವಯಂಪ್ರಕಾಶ ಆಗಿರಬಹುದು. ಪ್ರೋಬ್ ಹಾಕದ ಮುದಿ ಮೈಕ್ರೋಗ್ಲಿಯಾವನ್ನು ಅದೇ ವೋಲ್ಟೇಜ್‌ನಲ್ಲಿ ಓಡಿಸಿ ನೋಡಿ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಸರಿಪಡಿಸುವುದು ಹೇಗೆ ಅಂದರೆ, ಮುಖ್ಯ ಗುರುತುಗಳನ್ನು 640 ಲೇಸರ್ ಕಡೆಗೆ ತನ್ನಿ, ಫಿಟ್ಸಿ ಚಾನೆಲ್ ಖಾಲಿ ಬಿಟ್ಟು ಅದನ್ನೇ ಸ್ವಯಂಪ್ರಕಾಶದ ಅಳತೆಗೋಲು ಮಾಡಿಕೊಳ್ಳಿ. ಬಣ್ಣ ಹಾಕದ ಕಂಟ್ರೋಲ್ ಮತ್ತು ಎಫ್‌ಎಮ್‌ಓ (ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಕಂಟ್ರೋಲ್) ಎರಡೂ ಮುದಿ ಇಲಿಯಿಂದಲೇ ಇರಬೇಕು. ಎಳೆ ಇಲಿಯ ಕಂಟ್ರೋಲ್ ನೋಡಿ ಮುದಿ ಇಲಿಗೆ ಗೇಟ್ ಹಾಕಿದರೆ ಎಲ್ಲವೂ ಪಾಸಿಟಿವ್. ಸ್ಪೆಕ್ಟ್ರಲ್ ಯಂತ್ರ ಇದ್ದರೆ ಸ್ವಯಂಪ್ರಕಾಶವನ್ನೇ ಒಂದು ಬಣ್ಣವಾಗಿ ಬೇರ್ಪಡಿಸಬಹುದು, ಆದರೆ ಮೈಕ್ರೋಗ್ಲಿಯಾದಲ್ಲಿ ಹೆಚ್ಚು ಹೊಳೆಯುವುದೂ ಕಡಿಮೆ ಹೊಳೆಯುವುದೂ ಎಂದು ಎರಡು ಗುಂಪು ಇವೆ. ಎರಡನ್ನೂ ಬೇರೆ ಬೇರೆ ಸಹಿಯಾಗಿ ತೆಗೆಯಬೇಕು.

---

ಪರ್ಕಾಲ್_ಪದರ

ಮೇಲಿನದ್ದಕ್ಕೆ ಪೂರಕವಾಗಿ, 37 ಡಿಗ್ರಿಯ 45 ನಿಮಿಷದ ಬಗ್ಗೆ.

ಫಾಸ್, ಜುನ್, ಈಜಿಆರ್1, ಡಸ್ಪ್1, ಝೆಡ್‌ಎಫ್‌ಪಿ36, ಎಚ್‌ಎಸ್‌ಪಿಎ1ಎ, ಸಿಸಿಎಲ್3, ಸಿಸಿಎಲ್4: ಇವೆಲ್ಲ ಒಟ್ಟಿಗೆ ಎದ್ದರೆ ಮೊದಲ ಅನುಮಾನ ಕಿಣ್ವ ಮತ್ತು ಬಿಸಿಯ ಮೇಲೆ. ಮೈಕ್ರೋಗ್ಲಿಯಾಗೆ ಅಂಗಾಂಶ ಚೂರಾಗುವುದೇ ಗಾಯದ ಸಂಕೇತ. ಬೆಚ್ಚಗಿನ ಟ್ಯೂಬಿನಲ್ಲಿ ಕೂತಷ್ಟು ಹೊತ್ತೂ ಹೊಸ ಆರ್‌ಎನ್‌ಎ ಬರೆಯುತ್ತಲೇ ಇರುತ್ತದೆ. 2022ರಲ್ಲಿ ನೇಚರ್ ನ್ಯೂರೋಸೈನ್ಸ್‌ನಲ್ಲಿ ಬಂದ ಮಾರ್ಷ್ ಮತ್ತು ಸಂಗಡಿಗರ ಕೆಲಸ ಇದನ್ನು ಸ್ಪಷ್ಟವಾಗಿ ತೋರಿಸಿತು, ಪರಿಹಾರವನ್ನೂ ಕೊಟ್ಟಿತು: ಆ್ಯಕ್ಟಿನೋಮೈಸಿನ್ ಡಿ ಪ್ರತಿ ಎಂಎಲ್‌ಗೆ 5 ಮೈಕ್ರೋಗ್ರಾಂ, ಟ್ರಿಪ್ಟೋಲೈಡ್ 10 ಮೈಕ್ರೋಮೋಲಾರ್, ಅನಿಸೋಮೈಸಿನ್ ಪ್ರತಿ ಎಂಎಲ್‌ಗೆ 27.1 ಮೈಕ್ರೋಗ್ರಾಂ. ಮೊದಲೆರಡು ಆರ್‌ಎನ್‌ಎ ಬರೆಯುವುದನ್ನು ತಡೆಯುತ್ತವೆ, ಮೂರನೆಯದು ಪ್ರೋಟೀನ್ ಕಟ್ಟುವುದನ್ನು. ಕಿಣ್ವದ ಹಂತದಲ್ಲಿ ಮಾತ್ರ ಹಾಕಿದರೆ ಸಾಲದು, ಹಾಯಿಸುವ ದ್ರಾವಣದಿಂದಲೇ ಶುರುವಾಗಬೇಕು.

ಇಲ್ಲಿ ಒಂದು ಸಿಕ್ಕು ಇದೆ. ನಿಮ್ಮ 7-ಎಎಡಿ ಅಂದರೆ 7-ಅಮಿನೋ ಆ್ಯಕ್ಟಿನೋಮೈಸಿನ್ ಡಿ. ಎರಡೂ ಡಿಎನ್‌ಎಯಲ್ಲಿ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ, ಸತ್ತ ಕೋಶ ಬದುಕಿರುವಂತೆ ತೋರುತ್ತದೆ. ಅದನ್ನು ಬಿಟ್ಟು ಅತಿಗೆಂಪು ಕಡೆಯ ಫಿಕ್ಸಬಲ್ ವಯಬಿಲಿಟಿ ಬಣ್ಣ ತನ್ನಿ. ಪ್ರೋಟೀನ್ ಇರದ ಬಫರ್‌ನಲ್ಲೇ ಹಾಕಬೇಕು, ಬಿಎಸ್‌ಎ ಇದ್ದರೆ ಬಣ್ಣವನ್ನು ಅದೇ ನುಂಗುತ್ತದೆ. ತಡೆರಾಸಾಯನಿಕ ಬೆರೆತ ಕೋಶಗಳನ್ನು ಆಮೇಲೆ ಕಲ್ಚರ್‌ಗೆ ಬಳಸಲು ಬರುವುದಿಲ್ಲ. ಇವು ವಿಷ ಕೂಡ, ಕೈಗವಸು ಮತ್ತು ಪ್ರತ್ಯೇಕ ತ್ಯಾಜ್ಯದ ಡಬ್ಬಿ ಇರಲಿ.

ಕಿಣ್ವವೇ ಬೇಡ ಎನ್ನುವುದಾದರೆ ಮಂಜುಗಡ್ಡೆಯ ಮೇಲೆ ಡೌನ್ಸ್ ಹೋಮೋಜಿನೈಸರ್. ಸಡಿಲ ಪೆಸಲ್‌ನಲ್ಲಿ 15ರಿಂದ 20 ಬಾರಿ, ಆಮೇಲೆ ಬಿಗಿ ಪೆಸಲ್‌ನಲ್ಲಿ ಅಷ್ಟೇ, ಗುಳ್ಳೆ ಏಳದಂತೆ ನಿಧಾನವಾಗಿ. 70 ಮೈಕ್ರಾನ್ ಜಾಲರಿ. ಮೈಕ್ರೋಗ್ಲಿಯಾಗೆ ಇದು ಸಾಕು, ಆರ್‌ಎನ್‌ಎ ಕೆಲಸಕ್ಕೆ ಇದೇ ನನ್ನ ಮೊದಲ ಆಯ್ಕೆ. ನಾಳದ ಸುತ್ತ ಕೂತ ಟಿ ಕೋಶಗಳು ಮಾತ್ರ ಕಿಣ್ವವಿಲ್ಲದೆ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಹಾಗಂತ ಪಪೇನ್ ಅಥವಾ ಡಿಸ್ಪೇಸ್‌ಗೆ ಹೋದರೆ ಅವು ಸಿಡಿ4, ಸಿಡಿ8ನಂಥ ಮೇಲ್ಮೈ ಗುರುತುಗಳನ್ನೇ ಕತ್ತರಿಸುತ್ತವೆ. ಯಾವ ಕಿಣ್ವ ಬಳಸಿದರೂ ಗುಲ್ಮದ ಕೋಶಗಳನ್ನು ಅರ್ಧ ಕಿಣ್ವದಲ್ಲಿ, ಅರ್ಧ ಬರೀ ಬಫರ್‌ನಲ್ಲಿ ಅಷ್ಟೇ ಹೊತ್ತು ಇಟ್ಟು, ಸಿಡಿ8 ಹೊಳಪು ಬಿದ್ದಿದೆಯೇ ನೋಡಿ.

ಮುದಿ ಮಿದುಳಲ್ಲಿ ಮಯೆಲಿನ್ ಕಸ ಹೆಚ್ಚು. ಒಂದು ಟ್ಯೂಬಿಗೆ ಒಂದೇ ಮಿದುಳು. 9 ಪಾಲು ಪರ್ಕಾಲ್‌ಗೆ 1 ಪಾಲು 10 ಪಟ್ಟು ಪಿಬಿಎಸ್ ಬೆರೆಸಿದ್ದನ್ನು 100 ಶೇಕಡಾ ಎಂದು ಹಿಡಿದು ಅದರಿಂದ 30 ಮಾಡಿಕೊಳ್ಳಿ. ನೇರ ಸೀಸೆಯಿಂದ 30 ಮಾಡಿದರೆ ಲವಣ ಕಡಿಮೆಯಾಗಿ ಕೋಶ ಉಬ್ಬುತ್ತವೆ. ಬ್ರೇಕ್ ಇಲ್ಲದೆ ತಿರುಗಿಸಿ. ಮೇಲಿನ ಬಿಳಿ ಪದರವನ್ನು ಮೊದಲು ಹೀರಿ ತೆಗೆದು, ಪಿಪೆಟ್ ತುದಿ ಬದಲಿಸಿ, ಆಮೇಲೆ ಉಳಿದ ದ್ರವ ತೆಗೆಯಿರಿ. ಅದೇ ತುದಿಯಲ್ಲಿ ಮುಂದುವರಿದರೆ ಗೋಡೆಗೆ ಮೆತ್ತಿದ ಮಯೆಲಿನ್ ಕೆಳಗಿನ ಉಂಡೆಗೆ ಇಳಿದು ಆ್ಯಂಟಿಬಾಡಿಯನ್ನು ಹೀರುತ್ತದೆ. ಆಮೇಲೆ ಸಿಡಿ16/32 ಬ್ಲಾಕ್, ಕ್ಲೋನ್ 2.4ಜಿ2, ಹತ್ತು ನಿಮಿಷ. ಮುದಿ ಮೈಕ್ರೋಗ್ಲಿಯಾ ಎಫ್‌ಸಿ ರಿಸೆಪ್ಟರ್ ಜಾಸ್ತಿ ಹೊತ್ತಿರುವುದರಿಂದ ಇದನ್ನು ಬಿಟ್ಟರೆ ಸಿಡಿ3-ಪಿಇಯಲ್ಲೂ ನೆರಳು ಬರುತ್ತದೆ.

ಎಣಿಕೆಗೆ ಕೌಂಟಿಂಗ್ ಬೀಡ್ಸ್ (ಸಂಖ್ಯೆ ಮೊದಲೇ ಗೊತ್ತಿರುವ ಮಣಿಗಳು) ಹಾಕಿ. ಶೇಕಡಾವಾರು ನಂಬಬೇಡಿ. ಮುದಿ ಸ್ಯಾಂಪಲ್‌ನಲ್ಲಿ ಮೈಕ್ರೋಗ್ಲಿಯಾ ಸ್ವಲ್ಪ ಕಡಿಮೆ ಸಿಕ್ಕರೂ ಟಿ ಕೋಶದ ಪಾಲು ತಾನಾಗಿ ಏರುತ್ತದೆ.

ಒಂದೇ ದಿನ ಎರಡೂ ವಯಸ್ಸು, ಸರದಿಯಲ್ಲಿ ಎಳೆಯದು ಮುದಿಯದು ಬೆರೆಸಿ. ಬೆಳಿಗ್ಗೆ ಎಳೆಯದನ್ನೆಲ್ಲ ಮುಗಿಸಿ ಮಧ್ಯಾಹ್ನ ಮುದಿಯದನ್ನು ಹಿಡಿದರೆ ಗಡಿಯಾರವೇ ವಯಸ್ಸಾಗಿ ಕಾಣುತ್ತದೆ.

---

ಹಿಪೊಕ್ಯಾಂಪಸ್_ಓದುಗ

7-ಎಎಡಿ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಇನ್ನೊಂದು: ಸಿಡಿ45 ಹೆಚ್ಚಿರುವ ಗುಂಪು ಸ್ವಯಂಪ್ರಕಾಶ ಅಲ್ಲ ಎಂದು ಸಾಬೀತಾದರೆ ಅದು ಹೊರಗಿನಿಂದ ಬಂದ ಮೋನೋಸೈಟ್ ಎನ್ನಬಹುದೇ?

---

ಗೇಟಿಂಗ್_ಗೌಡ

ಬೇಡ. ವಯಸ್ಸು, ಪ್ಲಾಕ್, ಗಾಯ ಯಾವುದಿದ್ದರೂ ಮೈಕ್ರೋಗ್ಲಿಯಾ ತಾನೇ ಸಿಡಿ45 ಏರಿಸುತ್ತದೆ. ಪಿ2ಆರ್‌ವೈ12 ಮತ್ತು ಟಿಎಮ್‌ಇಎಮ್119 ಇಲ್ಲ ಎಂಬುದೂ ಪುರಾವೆಯಲ್ಲ, ರೋಗದ ಮೈಕ್ರೋಗ್ಲಿಯಾ ಅವನ್ನು ಇಳಿಸುತ್ತದೆ. ಎಲ್‌ವೈ6ಸಿ ಮತ್ತು ಸಿಸಿಆರ್2 ಇರುವುದು ಮೋನೋಸೈಟ್ ಕಡೆಗೆ, ಸಿಡಿ206 ಇರುವುದು ಪೊರೆ ಹಾಗೂ ನಾಳದಂಚಿನ ಮ್ಯಾಕ್ರೋಫೇಜ್ ಕಡೆಗೆ ಬೆರಳು ತೋರಿಸುತ್ತದೆ. ಖಚಿತ ಉತ್ತರ ಬೇಕಿದ್ದರೆ ವಂಶಾವಳಿ ಗುರುತು ಹಾಕಿದ ಇಲಿ ಬೇಕು. ಅಸ್ಥಿಮಜ್ಜೆ ಕಸಿ ಮಾಡಿ ನೋಡುತ್ತೇನೆ ಎಂದರೆ ತಲೆಗೆ ಸೀಸದ ಕವಚ ಹಾಕಿ. ಇಡೀ ದೇಹಕ್ಕೆ ವಿಕಿರಣ ಕೊಟ್ಟರೆ ಮಿದುಳಿನ ತಡೆಗೋಡೆಯೇ ಸಡಿಲವಾಗಿ, ಬಾರದ ಕೋಶವೂ ಒಳಗೆ ಬರುತ್ತದೆ.

---

ಟೌ_ತಂತಿ

ವಿಧಾನ ಸರಿಯಾಯಿತು ಅಂತಿಟ್ಟುಕೊಳ್ಳೋಣ. ನನ್ನ ತಕರಾರು 5ಎಕ್ಸ್‌ಎಫ್‌ಎಡಿ ಹೋಲಿಕೆಯ ಬಗ್ಗೆ.

5ಎಕ್ಸ್‌ಎಫ್‌ಎಡಿ ಇಲಿಗೆ 2 ತಿಂಗಳಲ್ಲೇ ಪ್ಲಾಕ್ ಶುರು. 6 ತಿಂಗಳಿಗೆ ಮಿದುಳು ತುಂಬ ಅಮೈಲಾಯ್ಡ್, ಆದರೆ ಥೈಮಸ್ (ಟಿ ಕೋಶ ಬೆಳೆಯುವ ಗ್ರಂಥಿ), ಅಸ್ಥಿಮಜ್ಜೆ, ಟಿ ಕೋಶಗಳೆಲ್ಲ ಎಳೆ ಇಲಿಯವು. 22 ತಿಂಗಳ ಬಿ6 ಇಲಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ: ಮುದಿ ರೋಗನಿರೋಧಕ ವ್ಯವಸ್ಥೆ, ಪ್ಲಾಕ್ ಸೊನ್ನೆ. ಇವೆರಡರಲ್ಲೂ ಒಂದೇ ಜೀನ್ ಎದ್ದರೆ ಅದು ಆ ಜೀನಿನ ಬಗ್ಗೆ ಏನೋ ಹೇಳುತ್ತದೆ, ಮುಪ್ಪು ರೋಗವನ್ನು ತರುತ್ತದೆ ಎಂದು ಹೇಳುವುದಿಲ್ಲ. ಬೇಕಿರುವುದು ನಾಲ್ಕು ಗುಂಪು: ಎಳೆಯದು ಮತ್ತು ಮುದಿಯದು, ಎರಡರಲ್ಲೂ ರೋಗ ಇರುವುದು ಮತ್ತು ಇಲ್ಲದ್ದು. 5ಎಕ್ಸ್‌ಎಫ್‌ಎಡಿಯನ್ನು ಮುಪ್ಪಿನವರೆಗೆ ಕೊಂಡೊಯ್ದರೆ ವಯಸ್ಸು ಮತ್ತು ಪ್ಲಾಕ್ ಪ್ರಮಾಣ ಒಟ್ಟಿಗೇ ಏರುತ್ತವೆ, ಅದೂ ಗೋಜಲೇ. ಹಾಗಾಗಿ ಮುದಿ ಮತ್ತು ಎಳೆ ಇಲಿಗಳ ಮಿದುಳಿಗೆ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಟೌ ಅಥವಾ ಆಲ್ಫಾ-ಸಿನ್ಯೂಕ್ಲಿನ್ ಬೀಜ (ನರಕ್ಷಯದಲ್ಲಿ ಗಂಟುಗಟ್ಟುವ ಪ್ರೋಟೀನಿನ ತುಣುಕು) ಹಾಕಿ ನೋಡುವುದು ನನಗೆ ಹೆಚ್ಚು ಸ್ವಚ್ಛವಾಗಿ ಕಾಣುತ್ತದೆ. ಲಿಂಗವನ್ನೂ ಮರೆಯಬೇಡಿ, 5ಎಕ್ಸ್‌ಎಫ್‌ಎಡಿಯಲ್ಲಿ ಹೆಣ್ಣಿಗೆ ಪ್ಲಾಕ್ ಹೆಚ್ಚು.

ಟಿ ಕೋಶಕ್ಕೂ ನರಕೋಶದ ನಾಶಕ್ಕೂ ಕಾರ್ಯಕಾರಣ ಇದೆ ಎನ್ನಲು ಈಗ ಇರುವ ಗಟ್ಟಿ ಆಧಾರಗಳಲ್ಲಿ ಒಂದು ಟೌ ಮಾದರಿಯಿಂದ ಬಂದಿದೆ. 2023ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಹೋಲ್ಟ್ಸ್‌ಮನ್ ತಂಡ ನೇಚರ್‌ನಲ್ಲಿ ತೋರಿಸಿದ್ದು: ಮಾನವ ಎಪಿಓಇ4 (ಆಲ್ಝೈಮರ್ ಅಪಾಯ ಹೆಚ್ಚಿಸುವ ಜೀನ್ ರೂಪ) ಇರುವ ಟೌ ಇಲಿಗಳಲ್ಲಿ 9.5 ತಿಂಗಳಿಗೆ ಮಿದುಳಿನ ಒಳಗೆ ಟಿ ಕೋಶ ತುಂಬಿಕೊಳ್ಳುತ್ತವೆ. ಮೈಕ್ರೋಗ್ಲಿಯಾ ತೆಗೆದರೂ ಟಿ ಕೋಶ ತೆಗೆದರೂ ಮಿದುಳು ಕುಗ್ಗುವುದು ಕಡಿಮೆಯಾಗುತ್ತದೆ. ಅಮೈಲಾಯ್ಡ್ ಮಾತ್ರ ಇರುವ ಇಲಿಗಳಲ್ಲಿ ಈ ಮಟ್ಟದ ಟಿ ಕೋಶ ಇರಲಿಲ್ಲ. ಅಂದರೆ ನೀವು ಆರಿಸಿದ ಮಾದರಿಯೇ ಈ ಪ್ರಶ್ನೆಗೆ ದುರ್ಬಲ. ರೋಗವಿಲ್ಲದ ಬರೀ ಮುಪ್ಪಿನ ಕಡೆಯಿಂದ 2019ರಲ್ಲಿ ಆ್ಯನ್ ಬ್ರೂನೆ ತಂಡದ ಕೆಲಸ ಇದೆ: ನರಕಾಂಡಕೋಶಗಳಿರುವ ಕುಹರದ ಅಂಚಿನಲ್ಲಿ ಮುದಿ ಇಲಿಗೆ ಟಿ ಕೋಶ ಸೇರುತ್ತವೆ, ಅವು ಬಿಡುವ ಇಂಟರ್‌ಫೆರಾನ್ ಗಾಮಾ ಆ ಕಾಂಡಕೋಶಗಳ ವಿಭಜನೆಗೆ ಅಡ್ಡಿ. ಆ ಟಿ ಕೋಶಗಳ ಕ್ಲೋನ್‌ಗಳು (ಒಂದೇ ಕೋಶದಿಂದ ಹುಟ್ಟಿದ ಗುಂಪುಗಳು) ರಕ್ತದಲ್ಲಿನವುಗಳಿಗಿಂತ ಬೇರೆ ಆಗಿದ್ದವು, ಅದರಿಂದಲೇ ಅದು ರಕ್ತದ ಕಲಬೆರಕೆ ಅಲ್ಲ ಎಂದು ಒಪ್ಪಬಹುದಾಯಿತು. ನಿಮ್ಮಲ್ಲೂ ಟಿಸಿಆರ್ (ಟಿ ಕೋಶದ ರಿಸೆಪ್ಟರ್) ಸೀಕ್ವೆನ್ಸಿಂಗ್ ಇದ್ದರೆ ಅದೇ ಇಲಿಯ ರಕ್ತವನ್ನೂ ಜೊತೆಗೆ ಕಳಿಸಿ.

ಕೋಶ ತೆಗೆಯುವ ಪ್ರಯೋಗ ಮಾಡುವುದಾದರೆ: ಸಿಡಿ8 ಆ್ಯಂಟಿಬಾಡಿ ಕೊಟ್ಟು ರಕ್ತದಲ್ಲಿ ಸೊನ್ನೆಯಾಯಿತು ಎಂದು ನಿಲ್ಲಬೇಡಿ. ಮಿದುಳಲ್ಲಿ ನೆಲೆಸಿದ ಸಿಡಿ69, ಸಿಡಿ103 ಇರುವ ಕೋಶಗಳಿಗೆ ಆ ಆ್ಯಂಟಿಬಾಡಿ ಸರಿಯಾಗಿ ತಲುಪುವುದಿಲ್ಲ, ಮಿದುಳಲ್ಲೇ ಎಣಿಸಿ. ಪಿಎಲ್‌ಎಕ್ಸ್5622 ಆಹಾರದಲ್ಲಿ 1200 ಪಿಪಿಎಂ ಕೊಟ್ಟರೆ ಮೈಕ್ರೋಗ್ಲಿಯಾ ಬಹುಪಾಲು ಹೋಗುತ್ತವೆ, ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮರಳಿ ತುಂಬಿಕೊಳ್ಳುತ್ತವೆ. ಅದು ಮಿದುಳಿಗೆ ಮಾತ್ರ ಸೀಮಿತ ಔಷಧವಲ್ಲ, ಹೊರಗಿನ ಮ್ಯಾಕ್ರೋಫೇಜ್‌ಗಳನ್ನೂ ತಟ್ಟುತ್ತದೆ. ಕಂಟ್ರೋಲ್ ಗುಂಪಿಗೆ ಔಷಧವಿಲ್ಲದ ಅದೇ ಎಐಎನ್-76ಎ ಆಹಾರ ಕೊಡಿ, ಮಾಮೂಲಿ ಆಹಾರವಲ್ಲ.

ರೋಗನಿರೋಧಕ ವ್ಯವಸ್ಥೆ ಮಾತ್ರ ಮುದಿಯಾದ ಇಲಿ ಬೇಕಿದ್ದರೆ ವಾವ್-ಕ್ರೀ ಎಂಬ ಜೀನ್ ಕತ್ತರಿ ಬಳಸಿ ರಕ್ತಕೋಶಗಳಲ್ಲಿ ಮಾತ್ರ ಇಆರ್‌ಸಿಸಿ1 (ಡಿಎನ್‌ಎ ದುರಸ್ತಿಯ ಜೀನ್) ತೆಗೆದ ಇಲಿ ಇದೆ. 2021ರ ನೇಚರ್ ಲೇಖನದಲ್ಲಿ ಅದರ ಇತರ ಅಂಗಗಳೂ ಬೇಗ ಮುಪ್ಪಾದದ್ದನ್ನು ತೋರಿಸಿದರು. ನಿಮ್ಮ ಮೂಲ ಪ್ರಶ್ನೆಗೆ ಅದೇ ನೇರ ದಾರಿ.

ಅಂಕಿಅಂಶದ ಬಗ್ಗೆ ಒಂದೇ ಮಾತು: 8,000 ಕೋಶ ಅಂದರೆ ಎನ್ 8,000 ಅಲ್ಲ. ಎನ್ ಎಂದರೆ ಇಲಿ. ಸೂಡೋಬಲ್ಕ್ ಮಾಡಿ (ಒಂದೊಂದು ಇಲಿಯ ಕೋಶಗಳನ್ನು ಒಟ್ಟುಗೂಡಿಸಿ) ಹೋಲಿಸಿ. ಪ್ರತಿ ಮುದಿ ಇಲಿಯ ಹೊಟ್ಟೆ ತೆರೆದು ಗುಲ್ಮ, ಯಕೃತ್ತು ನೋಡಿ. ಈ ವಯಸ್ಸಿನ ಬಿ6ನಲ್ಲಿ ಲಿಂಫೋಮಾ ಸಾಮಾನ್ಯ, ಅಂಥ ಒಂದು ಇಲಿ ಸಾಕು ಇಡೀ ಗುಂಪಿನ ಟಿ ಕೋಶ ಸರಾಸರಿ ಕೆಡಿಸಲು. ಹೊರಗಿಡುವ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ.

---

ಥೈಮಸ್_ಉಳಿಕೆ

ಮನುಷ್ಯರ ಸ್ಯಾಂಪಲ್ ಬಗ್ಗೆ ಯಾರೂ ಹೇಳಲಿಲ್ಲ.

ಎಲ್ಲಕ್ಕಿಂತ ಮೊದಲು ಸಿಎಮ್‌ವಿ ಐಜಿಜಿ ಪರೀಕ್ಷೆ (ಸೈಟೋಮೆಗಾಲೋ ವೈರಸ್ ಸೋಂಕು ತಗುಲಿದೆಯೇ ಎಂದು ನೋಡುವುದು). ಸಿಡಿ28 ಕಳೆದುಕೊಂಡ, ಸಿಡಿ57 ಇರುವ ಸಿಡಿ8 ಕೋಶಗಳ ರಾಶಿಯನ್ನು ನಾವು ಮುಪ್ಪಿನ ಗುರುತು ಎನ್ನುತ್ತೇವೆ. ಅದರಲ್ಲಿ ದೊಡ್ಡ ಪಾಲು ಸಿಎಮ್‌ವಿ ಸೋಂಕಿನ ಗುರುತು. ರೋಗಿಗಳ ಗುಂಪಿನಲ್ಲಿ ಸಿಎಮ್‌ವಿ ಪಾಸಿಟಿವ್ ಪ್ರಮಾಣ ಸ್ವಲ್ಪ ಹೆಚ್ಚಿದ್ದರೂ "ಆಲ್ಝೈಮರ್‌ನಲ್ಲಿ ಟಿ ಕೋಶ ಮುದಿಯಾಗಿದೆ" ಎಂಬ ಶೀರ್ಷಿಕೆ ಸಿದ್ಧ. ಲ್ಯಾಬಿನ ಇಲಿಗಳಿಗೆ ಇಂಥ ಸೋಂಕೇ ಇರುವುದಿಲ್ಲ, ಆದ್ದರಿಂದ ಇಲಿಯ ಮುಪ್ಪನ್ನು ಮನುಷ್ಯರ ಮುಪ್ಪಿನ ಮೇಲೆ ನೇರ ಹೊದಿಸಲು ಬರುವುದಿಲ್ಲ.

ರಕ್ತ ತೆಗೆಯುವ ಹೊತ್ತು ಎಲ್ಲರಿಗೂ ಒಂದೇ ಇರಲಿ. ಕಾರ್ಟಿಸಾಲ್ ಏರಿಳಿತದ ಜೊತೆ ರಕ್ತದಲ್ಲಿನ ನೈವ್ (ಇನ್ನೂ ಯಾವ ಸೋಂಕನ್ನೂ ಎದುರಿಸದ) ಟಿ ಕೋಶಗಳೂ ದಿನದೊಳಗೇ ಏರಿಳಿಯುತ್ತವೆ. 8 ಗಂಟೆಯೊಳಗೆ ಫಿಕಾಲ್ (ಸಾಂದ್ರತೆಯಿಂದ ರಕ್ತಕೋಶ ಬೇರ್ಪಡಿಸುವ ದ್ರಾವಣ) ಹಂತ ಮುಗಿಸಿ ಘನೀಕರಿಸಿ. ರಾತ್ರಿಯಿಡೀ ಇಟ್ಟ ರಕ್ತದಲ್ಲಿ ಗ್ರ್ಯಾನ್ಯುಲೋಸೈಟ್‌ಗಳು ಟಿ ಕೋಶದ ಪದರಕ್ಕೇ ಬಂದು ಸೇರುತ್ತವೆ. ಘನೀಕರಿಸಿದ ಸ್ಯಾಂಪಲ್‌ನಲ್ಲಿ ಸಿಡಿ62ಎಲ್ ಉದುರಿಹೋಗುತ್ತದೆ, ಸಿಸಿಆರ್7 ಬಳಸಿ, ಅದನ್ನು ಮೊದಲು 37 ಡಿಗ್ರಿಯಲ್ಲಿ 15 ನಿಮಿಷ ಹಾಕಿ ಆಮೇಲೆ ಉಳಿದ ಬಣ್ಣ. ಸಿಡಿ45ಆರ್‌ಎ ಮತ್ತು ಸಿಸಿಆರ್7 ಎರಡೂ ಇದ್ದರೆ ನೈವ್ ಎಂದು ಬರೆಯುವವರೇ ಹೆಚ್ಚು. ಸಿಡಿ95 ಹಾಕಿದರೆ ಮಾತ್ರ ಸ್ಮೃತಿ ಕಾಂಡಕೋಶಗಳು ಬೇರೆಯಾಗುತ್ತವೆ.

ಮಿದುಳುಬಳ್ಳಿಯ ದ್ರವ ಸಿಗುವುದಾದರೆ ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ, ಪಾಲಿಸ್ಟೈರೀನ್ ಗೋಡೆಗೆ ಅಮೈಲಾಯ್ಡ್ ಬೀಟಾ ಅಂಟಿ ಅಳತೆ ಕಡಿಮೆ ಬರುತ್ತದೆ. ಮೈಕ್ರೋಲೀಟರ್‌ಗೆ 5ಕ್ಕಿಂತ ಕಡಿಮೆ ಕೋಶ ಇರುವ ದ್ರವ ಅದು, ಕೋಶಗಳು ಬೇಗ ಸಾಯುತ್ತವೆ, ಒಂದು ಗಂಟೆಯೊಳಗೆ ತಿರುಗಿಸಿ. ಕೆಂಪು ರಕ್ತಕಣ ಎಣಿಸದೆ ಟಿ ಕೋಶದ ಮಾತು ಬೇಡ. 2020ರಲ್ಲಿ ಆಲ್ಝೈಮರ್ ರೋಗಿಗಳ ಈ ದ್ರವದಲ್ಲಿ ಒಂದೇ ಕ್ಲೋನಿನ ಸಿಡಿ8 ಕೋಶಗಳು ಹೆಚ್ಚಿರುವುದನ್ನು ಸ್ಟ್ಯಾನ್‌ಫರ್ಡ್ ತಂಡ ತೋರಿಸಿತು, ಕೆಲವು ಕ್ಲೋನ್ ಎಪ್‌ಸ್ಟೈನ್-ಬಾರ್ ವೈರಸ್ಸಿನ ತುಣುಕನ್ನು ಗುರುತಿಸಿದವು. ವೈರಸ್ಸೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ವಯಸ್ಕರಲ್ಲಿ ಬಹುತೇಕ ಎಲ್ಲರೂ ಆ ವೈರಸ್ ಹೊತ್ತವರೇ.

ರಕ್ತದ ಎನ್‌ಎಫ್‌ಎಲ್ (ನರಕೋಶ ಹಾನಿಯಾದಾಗ ಸೋರುವ ಪ್ರೋಟೀನ್) ಅಳೆದು ಟಿ ಕೋಶದ ಜೊತೆ ಸಹಸಂಬಂಧ ತೆಗೆಯುವ ಯೋಚನೆ ಇದ್ದರೆ, ಎನ್‌ಎಫ್‌ಎಲ್ ವಯಸ್ಸಿಗೂ ಏರುತ್ತದೆ, ಮೂತ್ರಪಿಂಡ ಸೋತರೂ ಏರುತ್ತದೆ. ಕ್ರಿಯಾಟಿನಿನ್ ಜೊತೆಗೇ ಕೇಳಿ. ಪ್ಲಾಕ್ ಶುರುವಾಗುವುದು ಲಕ್ಷಣಕ್ಕಿಂತ 15-20 ವರ್ಷ ಮೊದಲು, ಹಾಗಾಗಿ ರೋಗ ಬಂದ ಮೇಲೆ ತೆಗೆದ ಒಂದು ಸಲದ ರಕ್ತ ಯಾವುದು ಮೊದಲು ಎಂದು ಹೇಳಲಾರದು. ಮನುಷ್ಯರಲ್ಲಿ ಕಾರಣದ ಹತ್ತಿರ ಹೋದ ಕೆಲಸ ಅಂದರೆ ವೇಲ್ಸ್‌ನ ಸರ್ಪಸುತ್ತು ಲಸಿಕೆಯದು, 2025ರ ನೇಚರ್. 1933ರ ಸೆಪ್ಟೆಂಬರ್ 2ಕ್ಕೆ ಮೊದಲು ಹುಟ್ಟಿದವರಿಗೆ ಲಸಿಕೆ ಇಲ್ಲ, ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಇತ್ತು. ಕೆಲವೇ ವಾರ ಅಂತರದಲ್ಲಿ ಹುಟ್ಟಿದವರನ್ನು ಹೋಲಿಸಿದಾಗ ಲಸಿಕೆ ಪಡೆದವರಲ್ಲಿ 7 ವರ್ಷದಲ್ಲಿ ಡಿಮೆನ್ಷಿಯಾ ಸುಮಾರು 20 ಶೇಕಡಾ ಕಡಿಮೆ. ಯಾವ ಕೋಶದ ಮೂಲಕ ಎಂಬುದು ಅದರಲ್ಲಿ ಇಲ್ಲ, ಆದರೆ ಹುಟ್ಟಿದ ದಿನಾಂಕ ಯಾರೂ ಆರಿಸಿಕೊಳ್ಳುವುದಲ್ಲವಲ್ಲ.

---

ಹಿಪೊಕ್ಯಾಂಪಸ್_ಓದುಗ

22 ತಿಂಗಳ ಇಲಿಗಳು ಇನ್ನು ಆರು ಮಾತ್ರ ಉಳಿದಿವೆ. ಮೊದಲು ಏನು ಮಾಡಲಿ?

---

ಗೇಟಿಂಗ್_ಗೌಡ

ಐದಕ್ಕೆ ನಾಳದ ಲೇಬಲ್ ಕೊಡಿ, ಆರನೆಯದು ಲೇಬಲ್ ಇಲ್ಲದ ಮತ್ತು ಬಣ್ಣವಿಲ್ಲದ ಕಂಟ್ರೋಲ್, ಎಫ್‌ಎಮ್‌ಓಗಳಿಗೂ ಅದೇ. ಎಳೆಯ ಗುಂಪಿನಲ್ಲೂ ಹೀಗೇ. ಪ್ರತಿ ಮಿದುಳನ್ನು ನಡುವೆ ಸೀಳಿ ಬಲ ಅರ್ಧ ಫ್ಲೋಗೆ, ಎಡ ಅರ್ಧ 4 ಶೇಕಡಾ ಪಿಎಫ್‌ಎಯಲ್ಲಿ 24 ಗಂಟೆ, ಆಮೇಲೆ 30 ಶೇಕಡಾ ಸಕ್ಕರೆ ದ್ರಾವಣದಲ್ಲಿ ಮುಳುಗುವವರೆಗೆ. ಸಿಂಗಲ್ ಸೆಲ್ ಈ ಸಲ ಬೇಡ.

---

ಪರ್ಕಾಲ್_ಪದರ

ಎಡ ಅರ್ಧವನ್ನು 40 ಮೈಕ್ರಾನ್‌ಗೆ ಕತ್ತರಿಸಿ ಸಿಡಿ8, ಸಿಡಿ31 (ನಾಳದ ಒಳಪದರದ ಗುರುತು), ಕೊಲ್ಯಾಜನ್ 4 (ನಾಳದ ಸುತ್ತಲ ಪೊರೆಯ ಗುರುತು) ಮೂರೂ ಹಾಕಿ. ಫ್ಲೋದಲ್ಲಿ ಲೇಬಲ್ ಹಿಡಿಯದ ಕೋಶ ನಾಳದ ಒಳಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಅದು ಕೊಲ್ಯಾಜನ್ 4ರ ಎರಡು ಪದರಗಳ ನಡುವೆ ಸಿಕ್ಕರೆ ನಾಳದಂಚಿನಲ್ಲಿದೆ, ಹೊರಪದರ ದಾಟಿದ್ದರೆ ಮಾತ್ರ ಮಿದುಳಿನ ಅಂಗಾಂಶಕ್ಕೆ ಹೊಕ್ಕಿದೆ. ಲೈಪೋಫಸಿನ್ ಅಡಗಿಸಲು 70 ಶೇಕಡಾ ಎಥನಾಲ್‌ನಲ್ಲಿ 0.1 ಶೇಕಡಾ ಸೂಡಾನ್ ಬ್ಲ್ಯಾಕ್ ಬಿ, ಆ್ಯಂಟಿಬಾಡಿ ಎಲ್ಲ ಮುಗಿದ ಮೇಲೆ 5-10 ನಿಮಿಷ. ಅದು ದೂರಗೆಂಪು ಚಾನೆಲ್‌ನಲ್ಲಿ ತಾನೇ ಮಿನುಗುತ್ತದೆ, ಹಾಗಾಗಿ ಸಿಡಿ8 ಅನ್ನು ಅಲ್ಲಿ ಇಡಬೇಡಿ. ಆಮೇಲೆ ತೊಳೆಯುವ ಬಫರ್‌ನಲ್ಲಿ ಟ್ರೈಟಾನ್ ಇದ್ದರೆ ಸೂಡಾನ್ ಬಿಟ್ಟುಹೋಗುತ್ತದೆ, ಬರೀ ಪಿಬಿಎಸ್ ಬಳಸಿ.